ರಸ್ತೆ ಮೇಲಿನ ಹುರುಳಿ, ಸುಟ್ಟುಹೋದ ಕಾರು: ನಷ್ಟ ತುಂಬಿಕೊಡೋರು ಯಾರು?

(ಈ ವಾರದ ಕಂತಿನ ಮಾತುಗಳ ಬರಹರೂಪ)



ಸುಗ್ಗಿ ಕಾಲದಲ್ಲಿ ಕೂಡ್ಲಿಗಿಯಿಂದ ಕೊಟ್ಟೂರಿಗೋ, ಹಗರಿಬೊಮ್ಮನಹಳ್ಳಿಯಿಂದ ಹಡಗಲಿಗೋ, ಹರಪನಹಳ್ಳಿಯಿಂದ ಉಚ್ಚಂಗಿದುರ್ಗದ ಕಡೆಗೋ ಗಾಡಿ ಓಡಿಸಿದವರಿಗೆ ನಾನು ಹೇಳೋದು ಹೊಸದಲ್ಲ. ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಒಣಗ್ತಾ ಇರುತ್ತೆ. ಇನ್ನೊಂದು ಕಿಲೋಮೀಟರ್ ಹೋದರೆ ರಾಗಿ. ಅದರಾಚೆ ಹುರುಳಿ. ಹುರುಳಿಯನ್ನ ಅರ್ಧಕ್ಕಲ್ಲ, ಪೂರ್ತಿ ರಸ್ತೆಗೇ ಹಾಸಿರ್ತಾರೆ. ಯಾಕಂದರೆ ಅದರ ಮೇಲೆ ನಾವು ಗಾಡಿ ಹತ್ತಿಸಲೇಬೇಕು. ಬಸ್ಸು, ಲಾರಿ, ಕಾರು ಎಲ್ಲ ಸೇರಿ ರೋಣಗಲ್ಲಿನ ಕೆಲಸ ಮಾಡಿಕೊಡಬೇಕು. ಪುಕ್ಕಟೆ ಒಕ್ಕಣೆ.

ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆ ಬಿಟ್ಟರೆ ಉಳಿದ ಐದೂ ತಾಲ್ಲೂಕು ಹೆಚ್ಚಾಗಿ ಮಳೆ ನಂಬಿದ ಬೇಸಾಯದವು. ಬೆಳೆ ಬಂದಾಗ ಎಲ್ಲರಿಗೂ ಒಂದೇ ಸಲ ಬರುತ್ತೆ. ಎಲ್ಲರಿಗೂ ಒಂದೇ ಸಲ ಕಣ ಬೇಕು. ಕಣ ಇಲ್ಲ, ರಸ್ತೆ ಇದೆ. ಇದು ನಡ್ಕೊಂಡು ಬಂದ ರೀತಿ.

ನಾನು ತಾಲ್ಲೂಕು ಕೋರ್ಟಿನಲ್ಲಿ ವಕೀಲಿಕೆ ಮಾಡ್ತೀನಿ. ಅಪಘಾತದ ಕೇಸುಗಳೇ ಜಾಸ್ತಿ. ರಸ್ತೆ ಮೇಲೆ ಬಿದ್ದ ವಸ್ತುವಿನಿಂದ ಗಾಡಿ ಹಾಳಾದರೆ ಆ ನಷ್ಟ ಯಾರ ತಲೆಗೆ ಅಂತ ಕೇಳ್ಕೊಂಡು ಬರೋರಿಗೆ ಉತ್ತರ ಹೇಳೋದು ನನ್ನ ಕಸುಬು. ಇವತ್ತು ಅದನ್ನೇ ಮಾತಾಡೋದು. ಆದರೆ ನನ್ನದೇ ಕಥೆಯಿಂದ ಶುರು ಮಾಡ್ತೀನಿ.

ಕೆಲವು ವರ್ಷದ ಹಿಂದೆ, ಜನವರಿ ತಿಂಗಳು. ಸಂಜೆ ಹೊತ್ತು. ಕೂಡ್ಲಿಗಿ ಕಡೆಯಿಂದ ಕೊಟ್ಟೂರಿಗೆ ಬರ್ತಾ ಇದ್ದೆ. ಕಾರಿನಲ್ಲಿ ನಮ್ಮವ್ವ, ನನ್ನ ಮಗಳು ಇದ್ದರು. ದಾರಿಯಲ್ಲಿ ಎರಡು ಕಡೆ ಹುರುಳಿ ದಾಟಿದ್ವಿ. ಮೂರನೇದು ಉದ್ದ ಇತ್ತು, ನೂರು ಹೆಜ್ಜೆ ಇರಬಹುದು. ದಪ್ಪಗೆ ಹಾಸಿದ್ದರು. ಅರ್ಧ ದಾಟೋ ಹೊತ್ತಿಗೆ ಗಾಡಿ ಯಾರೋ ಹಿಂದಕ್ಕೆ ಎಳೆದ ಹಾಗೆ ಭಾರ ಆಯ್ತು. ಸುಟ್ಟ ವಾಸನೆ ಬಂತು. ನಮ್ಮವ್ವ, "ಏನೋ ಹೊತ್ತಿದಂಗೈತಿ ನೋಡೋ" ಅಂದಳು. ಹೊರಗೆ ಯಾರೋ ಹುಲ್ಲು ಸುಡ್ತಿರಬೇಕು ಅಂದೆ ನಾನು. ಇನ್ನೊಂದು ಫರ್ಲಾಂಗ್ ಹೋಗಿರಬಹುದು, ಬಾನೆಟ್ ಸಂದಿಯಲ್ಲಿ ಹೊಗೆ ಕಾಣ್ತು. ನಿಲ್ಲಿಸಿ, ಅವ್ವನನ್ನೂ ಮಗಳನ್ನೂ ಇಳಿಸಿ, ರಸ್ತೆ ಬದಿಗೆ ಓಡಿದ್ವಿ. ನೀರು ತರೋ ಹೊತ್ತಿಗೆ ಕಾರು ಪೂರ್ತಿ ಹತ್ತಿಕೊಂಡಿತ್ತು. ಉರಿಯುತ್ತಿದ್ದ ಬಳ್ಳಿ ಕಾರಿನ ಕೆಳಗಿಂದ ಕಳಚಿ ರಸ್ತೆಗೆ ಬಿದ್ದಿತ್ತು, ಗಾಳಿಗೆ ಹಾಸಿದ್ದ ಹುರುಳಿಗೂ ಬೆಂಕಿ ತಗುಲಿತು.

ಹುರುಳೀನೇ ಯಾಕೆ ಹೀಗೆ ಮಾಡುತ್ತೆ ಅಂತ ಮೊದಲು ಹೇಳ್ಬಿಡ್ತೀನಿ, ಇದು ಜೀವದ ಪ್ರಶ್ನೆ. ಮೆಕ್ಕೆಜೋಳದ ಕಾಳು ಚಕ್ರದ ಕೆಳಗೆ ಜಾರುತ್ತೆ ಅಷ್ಟೇ. ಹುರುಳಿ ಬಳ್ಳಿ ಸಣ್ಣಗೆ, ಉದ್ದಕ್ಕೆ, ಒಂದಕ್ಕೊಂದು ಹೆಣೆದುಕೊಂಡಿರುತ್ತೆ. ಒಂದು ಎಳೆ ಚಕ್ರಕ್ಕೋ ಆಕ್ಸಲ್‌ಗೋ ಸಿಕ್ಕಿದರೆ ಸಾಕು, ನೂಲು ಸುತ್ತಿಕೊಂಡ ಹಾಗೆ ಸುತ್ತಿಕೊಳ್ತಾ ಹೋಗುತ್ತೆ. ಸುತ್ತಿಕೊಂಡಿದ್ದು ಉಜ್ಜಿ ಉಜ್ಜಿ ಬಿಸಿಯಾಗುತ್ತೆ. ಪಕ್ಕದಲ್ಲೇ ಸೈಲೆನ್ಸರ್ ಪೈಪು, ಅದು ನೂರಾರು ಡಿಗ್ರಿ ಕಾದಿರುತ್ತೆ. ಬಳ್ಳಿಯಂತೂ ಒಣಗಿ ಗರಿಗರಿ. ಬಸ್ಸು, ಲಾರಿ ಎತ್ತರ ಇರೋದರಿಂದ ಹೆಚ್ಚಾಗಿ ಪಾರಾಗ್ತಾವೆ. ತಗ್ಗಿನ ಕಾರುಗಳೇ ಸಿಕ್ಕಿಬೀಳೋದು.

ಮಾರನೇ ದಿನ ಆ ಹುರುಳಿ ಯಾರದ್ದು ಅಂತ ಹುಡುಕ್ಕೊಂಡು ಹೋದೆ. ಅರವತ್ತು ದಾಟಿದ ಹೆಣ್ಣುಮಗಳು. ಬೇರೆಯವರ ಎರಡು ಎಕರೆ ಪಾಲಿಗೆ ಮಾಡಿದ್ದಳು. ನಾನು ಬಾಯಿ ಬಿಡೋ ಮೊದಲೇ ಆಕೆ ಅಂದಿದ್ದು: "ಯಪ್ಪಾ, ನಿನ್ನ ಕಾರು ಸುಟ್ಟೈತಿ, ಖರೇ. ನನ್ನ ಹುರುಳೀನೂ ಸುಟ್ಟು ಹೋತಲ್ಲ. ನಾ ಯಾರ್ನ ಕೇಳ್ಲಿ?"

ಈ ಪ್ರಶ್ನೆ ನಾನು ಮರೆತಿಲ್ಲ. ಕೊನೆಯಲ್ಲಿ ಇದಕ್ಕೆ ವಾಪಸ್ ಬರ್ತೀನಿ. ಈಗ ಕಾನೂನು ನೋಡೋಣ.

ತಪ್ಪು ಯಾರದ್ದು?

ರಸ್ತೆ ಮೇಲೆ ಬಿದ್ದಿರೋ ವಸ್ತುವನ್ನ ನಾನು ಮೂರು ಥರ ಮಾಡ್ತೀನಿ. ಒಂದು, ಮನುಷ್ಯರು ತಂದು ಹಾಕಿದ್ದು: ಬೆಳೆ, ಕಲ್ಲು, ಮುಳ್ಳು, ಮನೆ ಕಟ್ಟೋ ಮರಳು, ಜೆಲ್ಲಿ. ಎರಡು, ಓಡುವ ಗಾಡಿಯಿಂದ ಬಿದ್ದದ್ದು: ಟಿಪ್ಪರಿನ ಕಲ್ಲು, ಅದಿರು, ಟ್ರ್ಯಾಕ್ಟರಿನ ಕಬ್ಬು. ಮೂರು, ರಸ್ತೆಗೇ ಸೇರಿದ್ದು: ಕಾಮಗಾರಿ ಮಾಡಿ ಬಿಟ್ಟುಹೋದ ಗುಡ್ಡೆ, ಬಿದ್ದ ಮರ, ಕಿತ್ತುಹೋದ ಡಾಂಬರು. ಮೂರಕ್ಕೂ ಗಾಡಿಗೆ ಆಗೋ ಪೆಟ್ಟು ಒಂದೇ ಥರ ಇರಬಹುದು. ಆದರೆ ಕಾನೂನಿನ ದಾರಿ ಬೇರೆ ಬೇರೆ.

ಮೊದಲನೇದು, ಬೆಳೆ. ಸಾರ್ವಜನಿಕ ದಾರಿಯಲ್ಲಿ ಅಡ್ಡಿಯಾಗೋ ಹಾಗೆ, ಅಪಾಯ ಆಗೋ ಹಾಗೆ ಏನಾದರೂ ಇಡೋದು ಅಪರಾಧ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 285ನೇ ಸೆಕ್ಷನ್ ಇದನ್ನ ಹೇಳುತ್ತೆ. ದಂಡ 5,000 ರೂಪಾಯಿವರೆಗೆ. ಹಳೇ ದಂಡ ಸಂಹಿತೆಯ 283ರಲ್ಲಿ ಇದು ಬರೀ 200 ರೂಪಾಯಿ ಇತ್ತು. "ನಮ್ಮಪ್ಪನ ಕಾಲದಿಂದ ಇಲ್ಲೇ ಒಕ್ಕಿದ್ದೀವಿ" ಅನ್ನೋದು ಕೋರ್ಟಿನಲ್ಲಿ ನಿಲ್ಲೋ ಮಾತಲ್ಲ. ರಸ್ತೆ ಮೇಲೆ ರೂಢಿಯಿಂದ ಯಾರಿಗೂ ಕಣದ ಹಕ್ಕು ಬರಲ್ಲ.

ಇನ್ನು ರಾಶಿ ಕಾಯೋಕೆ ಸುತ್ತ ಇಡೋ ಕಲ್ಲು. ನನ್ನ ಲೆಕ್ಕದಲ್ಲಿ ಹುರುಳಿ ಬೆಂಕಿಗಿಂತ ದೊಡ್ಡ ಅಪಾಯ ಇದು. ಬೆಳೆ ಎತ್ತಿಕೊಂಡು ಹೋಗ್ತಾರೆ, ಕಲ್ಲು ಅಲ್ಲೇ ಬಿಡ್ತಾರೆ. ರಾತ್ರಿ ಬೈಕಿನವನಿಗೆ ಅದು ಕಾಣಲ್ಲ. ಹಾಗೆ ಬಿದ್ದು ಯಾರಾದರೂ ಸತ್ತರೆ ನಿರ್ಲಕ್ಷ್ಯದಿಂದ ಸಾವು ತಂದ ಆರೋಪ, 106ನೇ ಸೆಕ್ಷನ್, ಐದು ವರ್ಷದವರೆಗೆ ಶಿಕ್ಷೆ. ಕಲ್ಲು ಇಟ್ಟಿದ್ದು ಐದು ನಿಮಿಷದ ಕೆಲಸ. ಅದರ ಕೇಸು ಹತ್ತು ವರ್ಷ ಓಡಾಡಿಸುತ್ತೆ. ರೈತ ಬಂಧುಗಳು ಯಾರಾದರೂ ಕೇಳ್ತಿದ್ದರೆ, ಬೇರೆ ಏನು ಮರೆತರೂ ಇದನ್ನ ಮರೀಬೇಡಿ: ರಾಶಿ ಎತ್ತಿದ ಮೇಲೆ ಕಲ್ಲನ್ನೂ ಎತ್ತಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಜೀವಕ್ಕೆ ಪೆಟ್ಟಾದರೆ ಪೊಲೀಸರು ಕೇಸು ಹಾಕ್ತಾರೆ. ಬರೀ ಕಾರು ಸುಟ್ಟರೆ? ಬೇರೆಯವರ ಆಸ್ತಿ ಹಾಳು ಮಾಡಿದ ಅಪರಾಧ ಆಗಬೇಕಾದರೆ ಹಾಳು ಮಾಡಬೇಕು ಅನ್ನೋ ಉದ್ದೇಶ ಇರಬೇಕು, ಇಲ್ಲವೇ ಹಾಳಾಗುತ್ತೆ ಅನ್ನೋ ಅರಿವು ಇರಬೇಕು. ಬರೀ ನಿರ್ಲಕ್ಷ್ಯ ಸಾಲದು. ಹಾಗಾಗಿ ಠಾಣೆಯಲ್ಲಿ "ಆಕಸ್ಮಿಕ ಬೆಂಕಿ" ಅಂತ ಬರೆದು ಮುಗಿಸಿದರೆ ಆಶ್ಚರ್ಯಪಡಬೇಡಿ. ಹೆಚ್ಚೆಂದರೆ 285ರ ದಂಡ. ಆ 5,000 ರೂಪಾಯಿ ಹೋಗೋದು ಸರ್ಕಾರಕ್ಕೆ, ನಿಮಗಲ್ಲ.

ನಿಮ್ಮ ನಷ್ಟ ನಿಮಗೆ ಬರಬೇಕು ಅಂದರೆ ಸಿವಿಲ್ ಕೋರ್ಟಿಗೆ ಹೋಗಬೇಕು. ಅಲ್ಲಿ ಮೂರು ಸಂಗತಿ ಸಾಬೀತು ಮಾಡಬೇಕು. ಆ ಬೆಳೆ ಇಂಥವರೇ ಹಾಕಿದ್ದು. ಅದರಿಂದಲೇ ಬೆಂಕಿ ಹತ್ತಿದ್ದು, ಗಾಡಿಯ ವೈರಿಂಗ್‌ನಿಂದಲ್ಲ. ನಷ್ಟ ಇಷ್ಟು. ಎದುರಿನವರ ವಕೀಲರು ನಿಮ್ಮನ್ನ ಒಂದೇ ಪ್ರಶ್ನೆ ಕೇಳ್ತಾರೆ: "ಹುರುಳಿ ಹಾಸಿದ್ದು ಕಣ್ಣಿಗೆ ಕಾಣ್ತಿತ್ತಲ್ಲ, ಮತ್ಯಾಕೆ ಹತ್ತಿಸಿದ್ರಿ?" ನಿಧಾನ ಮಾಡಿದ್ರಾ, ಬದಿಗೆ ಜಾಗ ಇತ್ತಾ, ವಾಸನೆ ಬಂದಾಗ ನಿಲ್ಲಿಸಿದ್ರಾ ಅಂತೆಲ್ಲ ಬರುತ್ತೆ. ಚಾಲಕನ ತಪ್ಪೂ ಇದೆ ಅಂತ ಕಂಡರೆ ಕೋರ್ಟು ಅಷ್ಟು ಪಾಲು ಕಳೆದು ಕೊಡುತ್ತೆ. ನನ್ನ ವಿಷಯದಲ್ಲಿ ನಮ್ಮವ್ವನೇ ಸಾಕ್ಷಿ ಹೇಳಿದರೆ ನಾನು ಅರ್ಧ ಸೋತ ಹಾಗೆ.

ಎರಡನೇದು, ಗಾಡಿಯಿಂದ ಬಿದ್ದದ್ದು. ಇಲ್ಲಿ ದಾರಿ ಸ್ವಲ್ಪ ಸಲೀಸು. ಮೋಟಾರು ವಾಹನ ಕಾಯ್ದೆ 1988ರ 165ನೇ ಸೆಕ್ಷನ್ ಪ್ರಕಾರ, ಮೋಟಾರು ವಾಹನದ ಬಳಕೆಯಿಂದ ಮೂರನೆಯವರ ಆಸ್ತಿಗೆ ಆದ ಹಾನಿಯನ್ನೂ ಅಪಘಾತ ಪರಿಹಾರ ನ್ಯಾಯಮಂಡಳಿ ವಿಚಾರಣೆ ಮಾಡಬಹುದು. ಎದುರು ಟಿಪ್ಪರಿನಿಂದ ಕಲ್ಲು ಬಿದ್ದು ನಿಮ್ಮ ಗ್ಲಾಸು ಒಡೆದರೆ ಆ ಟಿಪ್ಪರಿನ ಮಾಲೀಕ, ಅವನ ಇನ್ಶೂರೆನ್ಸ್ ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಬಹುದು. ಅರ್ಜಿಗೆ ಈಗ ಆರು ತಿಂಗಳ ಗಡುವು ಇದೆ. 2022ರ ಏಪ್ರಿಲ್ 1ರಿಂದ ಬಂದ ನಿಯಮ ಅದು. ಹಳೇ ಅಭ್ಯಾಸದಲ್ಲಿ "ಆಮೇಲೆ ನೋಡಿದರಾಯ್ತು" ಅಂತ ಕೂರಬೇಡಿ.

ಆದರೆ ಟಿಪ್ಪರ್ ನಂಬರ್ ಬೇಕು. ಗಾಡಿ ಗುರುತು ಸಿಗದಿದ್ದರೆ ಸರ್ಕಾರದ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ ಇದೆ. ಗಾಡಿ ರಿಪೇರಿಗೆ ಅದರಲ್ಲಿ ಒಂದು ಪೈಸೆಯೂ ಇಲ್ಲ.

ಮೂರನೇದು, ರಸ್ತೆ ನೋಡ್ಕೊಳ್ಳೋರ ಹೊಣೆ. ಹೆದ್ದಾರಿ ಆದರೆ ಹೆದ್ದಾರಿ ಪ್ರಾಧಿಕಾರ, ರಾಜ್ಯದ ರಸ್ತೆಗೆ ಲೋಕೋಪಯೋಗಿ ಇಲಾಖೆ, ಊರೊಳಗಿನ ರಸ್ತೆಗೆ ಪಂಚಾಯ್ತಿ. ಇವರನ್ನ ಕೇಳಬಹುದಾ? ಕೇಳಬಹುದು, ಆದರೆ ಸುಲಭ ಅಲ್ಲ. ಎರಡು ತೀರ್ಪು ಹೇಳ್ತೀನಿ. ರಾಜಕೋಟೆಯಲ್ಲಿ ಕಚೇರಿಗೆ ನಡೆದು ಹೋಗ್ತಿದ್ದ ಒಬ್ಬರ ಮೇಲೆ ರಸ್ತೆಬದಿಯ ಮರ ಬಿದ್ದು ತೀರಿಕೊಂಡರು. 1997ರಲ್ಲಿ ಸುಪ್ರೀಂ ಕೋರ್ಟು ಆ ನಗರ ಪಾಲಿಕೆ ಹೊಣೆ ಅಲ್ಲ ಅಂದಿತು. ಮರ ಬೀಳುತ್ತೆ ಅಂತ ಪಾಲಿಕೆಗೆ ಗೊತ್ತಿತ್ತು ಅನ್ನೋದಾಗಲಿ, ಅದರ ನಿರ್ಲಕ್ಷ್ಯವಾಗಲಿ ಸಾಬೀತಾಗಲಿಲ್ಲ. ಇನ್ನೊಂದು ನಮ್ಮದೇ ಹೈಕೋರ್ಟಿನದು. ಬೆಂಗಳೂರಿನ ರಸ್ತೆ ಗುಂಡಿಗಳ ಬಗ್ಗೆ ವಿಜಯನ್ ಮೆನನ್ ಮತ್ತಿತರರು ಹಾಕಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ, 2019ರಲ್ಲಿ, ಓಡಾಡೋಕೆ ಯೋಗ್ಯವಾದ ರಸ್ತೆ ಅನ್ನೋದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ, ಕೆಟ್ಟ ರಸ್ತೆಯಿಂದ ನಷ್ಟ ಆದವರು ಪಾಲಿಕೆಯಿಂದ ಪರಿಹಾರ ಕೇಳಬಹುದು ಅಂತ ಹೇಳಿತು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಎಲ್ಲಿದೆ? "ಗೊತ್ತಿತ್ತಾ?" ಅನ್ನೋದರಲ್ಲಿ. ಮರ ಯಾವಾಗ ಬೀಳುತ್ತೆ ಅಂತ ಗೊತ್ತಾಗಲ್ಲ. ಆದರೆ ಡಿಸೆಂಬರ್, ಜನವರಿಯಲ್ಲಿ ಈ ರಸ್ತೆಗೆ ಹುರುಳಿ ಬರುತ್ತೆ ಅಂತ ಯಾರಿಗೆ ಗೊತ್ತಿಲ್ಲ? ಪ್ರತಿ ಸುಗ್ಗಿಗೂ ಅಧಿಕಾರಿಗಳೇ "ರಸ್ತೆಯಲ್ಲಿ ಒಕ್ಕಣೆ ಮಾಡಬೇಡಿ" ಅಂತ ಎಚ್ಚರಿಕೆ ಕೊಡ್ತಾರೆ. ಎಚ್ಚರಿಕೆ ಕೊಟ್ಟಿದ್ದೇ ಗೊತ್ತಿತ್ತು ಅನ್ನೋದಕ್ಕೆ ಸಾಕ್ಷಿ ಅಲ್ಲವಾ? ಇದು ಗಟ್ಟಿ ವಾದ. ಇದಕ್ಕೆ ಇನ್ನಷ್ಟು ಬಲ ಬರಬೇಕು ಅಂದರೆ, ಸುಗ್ಗಿಗೆ ಮೊದಲೇ ನಿಮ್ಮೂರಿನವರು ನಾಲ್ಕು ಜನ ಸೇರಿ ಇಲಾಖೆಗೆ, ಪಂಚಾಯ್ತಿಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಆ ಒಂದು ಹಾಳೆ ಮುಂದೆ ಕೇಸಿನ ದಿಕ್ಕನ್ನೇ ಬದಲಾಯಿಸಬಹುದು.

ಅಡ್ಡಿ ತೆಗೆಸೋಕೂ ದಾರಿ ಇದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಸೆಕ್ಷನ್ನಿನಡಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ರಸ್ತೆ ಮೇಲಿನ ಅಡ್ಡಿ ತೆಗೆಯೋಕೆ ಆದೇಶ ಮಾಡಬಹುದು. ನಮ್ಮ ಜಿಲ್ಲೆಯಲ್ಲಿ ಹೊಸಪೇಟೆ, ಹರಪನಹಳ್ಳಿ ಎರಡು ಉಪವಿಭಾಗ ಇವೆ. ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. ಸರ್ಕಾರದ ಮೇಲೆ ದಾವೆ ಹಾಕೋದಾದರೆ ಮಾತ್ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಸೆಕ್ಷನ್ ಪ್ರಕಾರ ಎರಡು ತಿಂಗಳು ಮೊದಲೇ ನೋಟಿಸು ಕೊಡಬೇಕು.

ಹೊಸಪೇಟೆಯಿಂದ ಕೂಡ್ಲಿಗಿ ಮೇಲೆ ಚಿತ್ರದುರ್ಗಕ್ಕೆ ಹೋಗೋ 50ನೇ ರಾಷ್ಟ್ರೀಯ ಹೆದ್ದಾರಿ, ಹಳೇ 13, ಅದರ ವಿಷಯ ಸ್ವಲ್ಪ ಬೇರೆ. ಅಲ್ಲಿ ನೀವು ಟೋಲ್ ಕಟ್ಟಿರ್ತೀರಿ. ದುಡ್ಡು ಕೊಟ್ಟು ಸೇವೆ ಪಡೆದ ಗ್ರಾಹಕ ನಾನು, ರಸ್ತೆ ಮೇಲೆ ಕಲ್ಲು ಬಿದ್ದದ್ದನ್ನ ತೆಗೆಯಲಿಲ್ಲ ಅಂತ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಹಾಕಬಹುದು. ಎರಡು ವರ್ಷದೊಳಗೆ ಹಾಕಬೇಕು. ಟೋಲ್ ರಸೀದಿ, ಫಾಸ್ಟ್ಯಾಗ್ ಮೆಸೇಜು ಅಳಿಸಬೇಡಿ. ಹೆದ್ದಾರಿಯಲ್ಲಿ ಏನಾದರೂ ಬಿದ್ದಿದ್ದು ಕಂಡರೆ 1033ಕ್ಕೆ ಫೋನ್ ಮಾಡಿ. ನಿಮ್ಮ ಫೋನಿನಲ್ಲಿ ಉಳಿಯೋ ಆ ಕರೆಯ ಹೊತ್ತೂ ಒಂದು ದಾಖಲೆನೇ.

ದುಡ್ಡು ಬರೋದು ಎಲ್ಲಿಂದ?

ಇಷ್ಟು ಹೊತ್ತು ತಪ್ಪು ಯಾರದ್ದು ಅಂತ ಮಾತಾಡಿದ್ವಿ. ದುಡ್ಡು ಯಾರು ಕೊಡ್ತಾರೆ ಅನ್ನೋದು ಬೇರೆ ಪ್ರಶ್ನೆ. ಎರಡಕ್ಕೂ ಉತ್ತರ ಒಂದೇ ಅಂತ ತಿಳ್ಕೊಂಡೇ ನಾವು ಮೋಸ ಹೋಗೋದು.

ಪಾಲಿಗೆ ಮಾಡಿದ ಎರಡು ಎಕರೆಯ ರೈತಳ ಮೇಲೆ ನೀವು ಡಿಕ್ರಿ ತಗೊಂಡಿರಿ ಅಂತಲೇ ಇಟ್ಟುಕೊಳ್ಳೋಣ. ವಸೂಲಿ ಎಲ್ಲಿಂದ? ಆಕೆ ಹೆಸರಲ್ಲಿ ಭೂಮಿ ಇಲ್ಲ. ಮನೆ ಆಶ್ರಯ ಮನೆ. ಡಿಕ್ರಿಯನ್ನ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕಷ್ಟೆ.

ಹಾಗಾಗಿ ಇಂಥ ಪ್ರಸಂಗದಲ್ಲಿ ದುಡ್ಡು ಬರೋ ನಂಬಿಕೆಯ ಜಾಗ ನಿಮ್ಮದೇ ಇನ್ಶೂರೆನ್ಸು. ಅದರಲ್ಲೂ ನಮ್ಮ ಕಡೆ "ಫುಲ್ ಇನ್ಶೂರೆನ್ಸ್" ಅಂತೀವಲ್ಲ, ಅದು. ಅದರ ಸ್ವಂತ ಹಾನಿ ಭಾಗದಲ್ಲಿ ಬೆಂಕಿ, ಸ್ಫೋಟ, ಹೊರಗಿನಿಂದಾದ ಅಪಘಾತ ಎಲ್ಲ ಸೇರಿರುತ್ತೆ. ಬರೀ ಥರ್ಡ್ ಪಾರ್ಟಿ ಇದ್ದರೆ ನಿಮ್ಮ ಗಾಡಿಗೆ ಏನೂ ಬರಲ್ಲ. ಹೆಸರೇ ಹೇಳುತ್ತೆ, ಅದು ಮೂರನೆಯವರಿಗೆ.

ನಾಚಿಕೆ ಬಿಟ್ಟು ಹೇಳ್ತೀನಿ. ಸುಟ್ಟುಹೋದ ನನ್ನ ಕಾರಿಗೆ ಇದ್ದದ್ದು ಬರೀ ಥರ್ಡ್ ಪಾರ್ಟಿ. ಒಂಬತ್ತು ವರ್ಷದ ಸೆಕೆಂಡ್ ಹ್ಯಾಂಡ್ ಗಾಡಿ, ಇದಕ್ಯಾಕೆ ಫುಲ್ ಅಂತ ಮೂರ್ನಾಲ್ಕು ಸಾವಿರ ಉಳಿಸಿದ್ದೆ. ನಾಲ್ಕು ಜನಕ್ಕೆ ಇನ್ಶೂರೆನ್ಸ್ ಬುದ್ಧಿ ಹೇಳೋ ವಕೀಲ! ಸುಟ್ಟ ಕಬ್ಬಿಣ ಗುಜರಿಯವನಿಗೆ ಹೋಯ್ತು. ಮೇಲೆ, ಗಾಡಿ ನಾಶವಾದರೆ 14 ದಿನದೊಳಗೆ ಇಲ್ಲವೇ ಆದಷ್ಟು ಬೇಗ ಆರ್‌ಟಿಓಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕು ಅಂತ 55ನೇ ಸೆಕ್ಷನ್ ಇದೆ. ಅದಕ್ಕೆ ಹೊಸಪೇಟೆಗೆ ಎರಡು ಸಲ ಓಡಾಡಿದೆ.

ಫುಲ್ ಇನ್ಶೂರೆನ್ಸ್ ಇದ್ದವರೂ ಕೆಲವು ವಿಷಯ ತಿಳ್ಕೊಂಡಿರಬೇಕು. ಪಾಲಿಸಿಯಲ್ಲಿ ಐಡಿವಿ ಅಂತ ಒಂದು ಮೊತ್ತ ಇರುತ್ತೆ. ಗಾಡಿ ಪೂರ್ತಿ ಸುಟ್ಟರೆ ಸಿಗೋದು ಅಷ್ಟೇ, ಶೋರೂಮ್ ಬೆಲೆ ಅಲ್ಲ. ಪ್ರೀಮಿಯಂ ಕಡಿಮೆ ಆಗ್ಲಿ ಅಂತ ಐಡಿವಿ ಇಳಿಸಿದ್ದರೆ ಆಮೇಲೆ ಅಳಬೇಕಾಗುತ್ತೆ. ರಿಪೇರಿ ಖರ್ಚು ಐಡಿವಿಯ ಶೇಕಡಾ 75 ದಾಟಿದರೆ ಪೂರ್ತಿ ನಷ್ಟ ಅಂತ ಲೆಕ್ಕ ಹಿಡೀತಾರೆ. ಬರೀ ಟೈರು ಸೀಳಿಹೋದರೆ ಮಾಮೂಲಿ ಪಾಲಿಸಿಯಲ್ಲಿ ಬರಲ್ಲ. ಅದೇ ಪೆಟ್ಟಿಗೆ ಗಾಡಿಯ ಬೇರೆ ಭಾಗವೂ ಹಾಳಾಗಿದ್ದರೆ ಮಾತ್ರ ಟೈರಿಗೆ ಅರ್ಧ. ಕಲ್ಲು ಬಡಿದು ಟೈರು ಹೋಯ್ತು ಅಂತ ಬರೋರಿಗೆ ನಾನು ಮೊದಲು ಕೇಳೋದೇ, "ರಿಮ್ ಬೆಂಡ್ ಆಗೈತಾ, ಕೆಳಗೆ ಛೇಂಬರ್ ನೋಡಿದ್ರಾ?" ಅಂತ.

ಇನ್ನೊಂದು. ಕೊಟ್ಟೂರು ತೇರಿಗೋ, ಮೈಲಾರದ ಕಾರಣಿಕಕ್ಕೋ ವೈಟ್ ಬೋರ್ಡ್ ಕಾರನ್ನ ಬಾಡಿಗೆಗೆ ಬಿಡೋ ರೂಢಿ ನಮ್ಮಲ್ಲಿದೆ. ಸ್ವಂತ ಬಳಕೆಯ ಗಾಡಿಯನ್ನ ಬಾಡಿಗೆಗೆ ಓಡಿಸುವಾಗ ಸುಟ್ಟರೆ ಕಂಪನಿ ಕ್ಲೇಮು ತಳ್ಳಿಹಾಕೋಕೆ ನೋಡುತ್ತೆ. ಪೂರ್ತಿ ಕೈಬಿಡಬೇಡಿ. ಅಮಲೇಂದು ಸಾಹೂ ಅನ್ನೋರ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟು, ಪೂರ್ತಿ ತಿರಸ್ಕರಿಸೋದು ಸರಿಯಲ್ಲ, ಇಂಥ ಉಲ್ಲಂಘನೆ ಇದ್ದಾಗಲೂ ಒಪ್ಪಿಗೆಯಾಗೋ ಮೊತ್ತದ ಶೇಕಡಾ 75ರವರೆಗೆ ಕೊಡಬಹುದು ಅನ್ನೋ ನಿಲುವು ತಗೊಂಡಿದೆ. ಕಂಪನಿ ಕೊಡದಿದ್ದರೆ ವಿಮಾ ಲೋಕಪಾಲರು ಇದ್ದಾರೆ, ಗ್ರಾಹಕ ಆಯೋಗ ಇದೆ.

ಇನ್ಶೂರೆನ್ಸ್ ಕಂಪನಿ ನಿಮಗೆ ದುಡ್ಡು ಕೊಟ್ಟ ಮೇಲೆ, ನಿಮ್ಮ ಜಾಗದಲ್ಲಿ ನಿಂತು ತಪ್ಪು ಮಾಡಿದವರಿಂದ ಅದನ್ನ ವಸೂಲಿ ಮಾಡೋ ಹಕ್ಕು ಅದಕ್ಕೆ ಬರುತ್ತೆ. ಅಂದರೆ ರೈತರು "ಕಾರಿನವನಿಗೆ ಇನ್ಶೂರೆನ್ಸ್ ಐತಿ, ನಮಗೇನು" ಅಂತ ಕೂರೋ ಹಾಗಿಲ್ಲ. ಹುರುಳಿಗಾಗಿ ಕಂಪನಿಗಳು ಹಳ್ಳಿ ಹಳ್ಳಿಗೆ ಬಂದದ್ದನ್ನ ನಾನು ನೋಡಿಲ್ಲ. ಹಕ್ಕಂತೂ ಇದೆ.

ಮೊದಲ ಅರ್ಧ ಗಂಟೆ

ಕೇಸು ಗೆಲ್ಲೋದು, ಸೋಲೋದು ಹೆಚ್ಚಾಗಿ ರಸ್ತೆ ಮೇಲೇ, ಮೊದಲ ಅರ್ಧ ಗಂಟೆಯಲ್ಲೇ ತೀರ್ಮಾನ ಆಗಿಬಿಡುತ್ತೆ.

ಮೊದಲು ಜೀವ. ಗಾಡಿ ಭಾರ ಆದರೆ, ಕೆಳಗೆ ಸರಸರ ಸದ್ದಾದರೆ, ಸುಟ್ಟ ವಾಸನೆ ಬಂದರೆ ಬೆಳೆ ರಾಶಿಯಿಂದ ಆಚೆ ತಂದು ತಕ್ಷಣ ನಿಲ್ಲಿಸಿ. ಇಂಜಿನ್ ಆಫ್ ಮಾಡಿ. ಮಕ್ಕಳು, ವಯಸ್ಸಾದವರನ್ನ ಮೊದಲು ಇಳಿಸಿ. ಹೊಗೆ ಬರ್ತಿದ್ದರೆ ಬಾನೆಟ್ ಎತ್ತಬೇಡಿ, ಗಾಳಿ ಸಿಕ್ಕು ಉರಿ ಏಳುತ್ತೆ. ದೂರ ನಿಂತು 112ಕ್ಕೆ ಫೋನ್ ಮಾಡಿ. ಒಳಗೆ ಉಳಿದ ಬ್ಯಾಗು, ಮೊಬೈಲು ತರೋಕೆ ವಾಪಸ್ ಹೋಗಬೇಡಿ.

ಆಮೇಲೆ ದಾಖಲೆ. ರಸ್ತೆ ಮೇಲಿನ ಬೆಳೆ, ಚಕ್ರಕ್ಕೆ ಸುತ್ತಿಕೊಂಡ ಬಳ್ಳಿ, ನಂಬರ್ ಪ್ಲೇಟು, ಹತ್ತಿರದ ಕಿಲೋಮೀಟರ್ ಕಲ್ಲು, ಎಲ್ಲದರ ಫೋಟೋ, ವಿಡಿಯೋ ತಗೊಳ್ಳಿ. ಮಾರನೇ ದಿನ ಬೆಳಗ್ಗೆ ಆ ರಸ್ತೆ ಗುಡಿಸಿದ ಹಾಗೆ ಸ್ವಚ್ಛ ಇರುತ್ತೆ, ನೆನಪಿಡಿ. ಅಗ್ನಿಶಾಮಕದವರು ಬಂದರೆ ಅವರ ವರದಿ ಕೇಳಿ ತಗೊಳ್ಳಿ. ಠಾಣೆಯಲ್ಲಿ ಲಿಖಿತ ದೂರು ಕೊಡಿ, ಅದರಲ್ಲಿ "ರಸ್ತೆ ಮೇಲೆ ಹಾಸಿದ್ದ ಹುರುಳಿ ಸುತ್ತಿಕೊಂಡು" ಅನ್ನೋ ಕಾರಣ ಬರೀರಿ. ಅವರು ಎಫ್‌ಐಆರ್ ಮಾಡದಿದ್ದರೂ ಸ್ವೀಕೃತಿ ತಗೊಳ್ಳಿ. ಇನ್ಶೂರೆನ್ಸ್ ಕಂಪನಿಗೆ ಅವತ್ತೇ ತಿಳಿಸಿ. ಸರ್ವೇಯರ್ ನೋಡೋ ತನಕ ಗಾಡಿಯ ಯಾವ ಭಾಗವನ್ನೂ ಬಿಚ್ಚಿಸಬೇಡಿ.

ಕಟ್ಟೆ ಮೇಲೆ ಕೂತು

ಒಂದು ಕೇಸು ಹೇಳ್ತೀನಿ. ಹಗರಿಬೊಮ್ಮನಹಳ್ಳಿ ಕಡೆಯ ಒಬ್ಬ ಹುಡುಗ ರಾತ್ರಿ ಬೈಕಿನಲ್ಲಿ ಬರುವಾಗ ಮೆಕ್ಕೆಜೋಳದ ಸುತ್ತ ಇಟ್ಟ ಕಲ್ಲಿಗೆ ಬಡಿದು ಕಾಲು ಮುರಿದುಕೊಂಡ. ಎದುರು ಯಾವ ಗಾಡಿಯೂ ಇರಲಿಲ್ಲ, ಹಾಗಾಗಿ ಮೋಟಾರು ವಾಹನ ಕಾಯ್ದೆಯಲ್ಲಿ ರೈತನ ಮೇಲೆ ಹೋಗೋಕೆ ಆಗಲ್ಲ. ಅವನ ಬೈಕಿನ ಪಾಲಿಸಿಯಲ್ಲಿದ್ದ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಸಾವಿಗೆ, ಅಂಗ ಕಳೆದುಕೊಂಡವರಿಗೆ. ಕಾಲು ಮುರಿದು ಕೂಡಿಕೊಂಡರೆ ಅದು ಬರಲ್ಲ. ನಾವು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ದಾವೆ ಪೂರ್ವ ಅರ್ಜಿ ಕೊಟ್ವಿ. ಎರಡೂ ಕಡೆಯವರು ಲೋಕ ಅದಾಲತ್‌ನಲ್ಲಿ ಕೂತರು. ಆಸ್ಪತ್ರೆ ಖರ್ಚಿನ ಒಂದು ಪಾಲನ್ನ ರೈತ ಎರಡು ಸುಗ್ಗಿಯಲ್ಲಿ ಎರಡು ಕಂತಾಗಿ ಕೊಡೋದು ಅಂತ ಆಯ್ತು. ಕೊಟ್ಟರು ಕೂಡ. ಲೋಕ ಅದಾಲತ್ ತೀರ್ಪಿಗೆ ಡಿಕ್ರಿಯ ಬಲ ಇದೆ, ಅದರ ಮೇಲೆ ಅಪೀಲು ಇಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. ಇಂಥ ಜಗಳಕ್ಕೆ ನಮ್ಮ ತಾಲ್ಲೂಕುಗಳಲ್ಲಿ ಇದಕ್ಕಿಂತ ಒಳ್ಳೆ ದಾರಿ ನನಗೆ ಕಂಡಿಲ್ಲ.

ಈಗ ಆ ದೊಡ್ಡವ್ವನ ಪ್ರಶ್ನೆಗೆ ಬರ್ತೀನಿ. "ನನ್ನ ಹುರುಳಿ ಸುಟ್ಟು ಹೋತು, ನಾ ಯಾರ್ನ ಕೇಳ್ಲಿ?"

ಮನೆಗೆ ಬಂದು ನೋಟಿಸು ಬರೆಯೋಕೆ ಕೂತೆ. ಅರ್ಧ ಬರೆದ ಮೇಲೆ ಹೊಳೀತು. ಆಕೆಯ ಹುರುಳಿ ಸುಟ್ಟದ್ದು ನನ್ನ ಕಾರಿನ ಬೆಂಕಿಯಿಂದ. ಮೋಟಾರು ವಾಹನದ ಬಳಕೆಯಿಂದ ಮೂರನೆಯವರ ಆಸ್ತಿಗೆ ಹಾನಿ! ಆಕೆ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಯಾವ ಪಾಲಿಸಿಯಿಂದ ನನಗೆ ಒಂದು ರೂಪಾಯಿ ಬರಲ್ಲವೋ, ಅದೇ ನನ್ನ ಥರ್ಡ್ ಪಾರ್ಟಿ ಪಾಲಿಸಿಯಿಂದ ಆಕೆ ಪರಿಹಾರ ಕೇಳಬಹುದು. ಗೆಲ್ತಾಳೆ ಅಂತಲ್ಲ. ರಸ್ತೆ ಮೇಲೆ ಹಾಕಿದ್ದೇ ತಪ್ಪು ಅಂತ ಕಂಪನಿ ವಾದ ಮಾಡುತ್ತೆ, ನನ್ನ ನಿರ್ಲಕ್ಷ್ಯವನ್ನ ಆಕೆ ಸಾಬೀತು ಮಾಡಬೇಕಾಗುತ್ತೆ. ಆದರೆ ಬಾಗಿಲಂತೂ ಇದೆ. ಕಾನೂನಿನ ಪ್ರಕಾರ ನಾವಿಬ್ಬರೂ ಒಬ್ಬರಿಗೊಬ್ಬರು ಬಾಧ್ಯರು, ನಾವಿಬ್ಬರೂ ಕಳಕೊಂಡವರು.

ನೋಟಿಸು ಕಳಿಸಲಿಲ್ಲ. ಇದನ್ನ ದೊಡ್ಡತನ ಅಂತ ತಿಳೀಬೇಡಿ. ವಸೂಲಿ ಆಗಲ್ಲ ಅನ್ನೋ ಲೆಕ್ಕವೂ ಅದರಲ್ಲಿತ್ತು. ಇನ್ನೊಂದು ಕಾರಣವೂ ಇತ್ತು. ನಮ್ಮಪ್ಪನೂ ಅದೇ ರಸ್ತೆ ಮೇಲೆ ಒಕ್ಕಿದವನು. ನಾನು ಚಿಕ್ಕವನಿದ್ದಾಗ ಲಾರಿ ಬಂದರೆ ಕೂಗಿ ಹೇಳೋಕೆ ಬದಿಗೆ ನಿಂತಿರ್ತಿದ್ದೆ. ನನ್ನ ಕಾಲೇಜು ಫೀಸಿನಲ್ಲಿ ಆ ರಸ್ತೆಯಲ್ಲಿ ಒಕ್ಕಿದ ಕಾಳಿನ ಪಾಲೂ ಇದೆ. ಆಗ ಗಾಡಿ ಕಡಿಮೆ ಇದ್ದವು, ಎತ್ತರ ಇದ್ದವು, ನಿಧಾನ ಹೋಗ್ತಿದ್ದವು. ಈಗ ಹಾಗಿಲ್ಲ. ರೂಢಿ ಮಾತ್ರ ಹಾಗೇ ಉಳಿದಿದೆ.

ನೋಟಿಸಿನ ಬದಲು ಇನ್ನೊಂದು ಕಾಗದ ಬರೆದೆ, ಪಂಚಾಯ್ತಿಗೆ. ಊರಿಗೆ ಒಕ್ಕಣೆ ಕಣ ಬೇಕು ಅಂತ. ನರೇಗಾದಲ್ಲಿ ಕಟ್ಟಿದ ಕಣಗಳು ಕೆಲವು ಊರಲ್ಲಿವೆ, ನಮ್ಮಲ್ಲೂ ಮಾಡಿ ಅಂತ. ಆ ಅರ್ಜಿಗೆ ಆ ದೊಡ್ಡವ್ವನ ಹೆಬ್ಬೆಟ್ಟೂ ಇದೆ. ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆ. ಕಣ ಇನ್ನೂ ಆಗಿಲ್ಲ. ಆದರೆ "ನಮಗೆ ಗೊತ್ತಿರಲಿಲ್ಲ" ಅಂತ ಮುಂದೆ ಯಾರೂ ಹೇಳೋ ಹಾಗಿಲ್ಲ. ಆ ಹಾಳೆ ನನ್ನ ಫೈಲಿನಲ್ಲಿ ಭದ್ರವಾಗಿದೆ.

ಈಗ ನನ್ನ ಹತ್ತಿರ ಇರೋದೂ ಹಳೇ ಕಾರೇ. ಆದರೆ ಫುಲ್ ಇನ್ಶೂರೆನ್ಸ್ ಇದೆ. ಹುರುಳಿ ಕಂಡರೆ ನಿಲ್ಲಿಸ್ತೀನಿ, ಬದಿಗೆ ಜಾಗ ಇದ್ದರೆ ಇಳಿಸಿ ಹೋಗ್ತೀನಿ. ಇಲ್ಲದಿದ್ದರೆ, "ಯವ್ವಾ, ಒಂದೀಟು ಸರಿಸ್ರಿ, ದಾಟ್ಕೊಂತೀನಿ" ಅಂತೀನಿ. ಸರಿಸ್ತಾರೆ. ಯಾರೂ ಇಲ್ಲ ಅಂದರೆ ನಾನೇ ಇಳಿದು ಗಾಡಿ ಹೋಗುವಷ್ಟು ಅಗಲ ಎಳೆದು ಹಾಕಿ ಹೋಗ್ತೀನಿ. ಐದು ನಿಮಿಷ ತಡ ಆಗುತ್ತೆ, ಅಷ್ಟೇ.

ಈ ಸುಗ್ಗಿಯಲ್ಲಿ ನಿಮ್ಮ ಪಾಲಿಸಿ ಒಂದ್ಸಲ ತೆಗೆದು ನೋಡಿ, ಫುಲ್ಲಾ, ಥರ್ಡ್ ಪಾರ್ಟಿನಾ ಅಂತ. ಮುಂದಿನ ಕಂತಿನಲ್ಲಿ ಸಿಗೋಣ. ನಮಸ್ಕಾರ.